ಹದಿನೆಂಟು ಟ್ಯೂಬುಗಳು

"ದೇವರು ಅವನನ್ನ ಕ್ಷಮಿಸಲಿ," ಎನ್ನುತ್ತ ಲ್ಯಾಬಿನ ಸಹಾಯಕಿ ಸವೇತಾ ಆಂಟಿ, ಸತ್ತವರ ಹೆಸರಲ್ಲಿ ಹಂಚುವ ಸಿಹಿ ಕೊಲಿವಾದ ಡಬ್ಬಿಯಿಂದ ಒಂದು ಚಮಚ ಬಾಯಿಗಿಟ್ಟುಕೊಂಡಳು. "ಗೋಧಿ ಚೆನ್ನಾಗಿ ಬೆಂದಿದೆ. ಸಕ್ಕರೆ ಸ್ವಲ್ಪ ಮುಂದಾಯ್ತು ಕಣೆ. ನಿಮ್ಮತ್ತೆ ಮಾಡಿದ್ದಾ?"

"ಹೂಂ," ಎಂದಳು ಸ್ಮರಾಂಡಾ.

ಅವಳ ಗಂಡ ಲಿವಿಯುವನ್ನು ಮಣ್ಣು ಮಾಡಿದ್ದು ಶುಕ್ರವಾರ. ಇದು ಸೋಮವಾರ. ಕ್ಲೂಜ್ ನಗರದ ಈ ಪ್ರಯೋಗಾಲಯದ ಒಂದೇ ಕಾರಿಡಾರಿನಲ್ಲಿ ಗಂಡ ಹೆಂಡತಿ ಆರು ವರ್ಷ ದುಡಿದಿದ್ದರು. ಹೋದ ಮಂಗಳವಾರ ಅವನು ತನ್ನ ಮೇಜಿನ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ. ಮೂವತ್ತಾರು ವರ್ಷ.

ಸ್ಮರಾಂಡಾ ಕೋಟು ತೊಟ್ಟಳು, ಬಿಚ್ಚಿದಳು, ಮತ್ತೆ ತೊಟ್ಟಳು. ಬಾಗಿಲಲ್ಲಿ ಮೇಲಿನ ಮಹಡಿಯ ಇಲಿಂಕಾ ನಿಂತಿದ್ದಳು. ಡಾಕ್ಟರೇಟಿನ ಕೊನೆಯ ವರ್ಷದ ಹುಡುಗಿ.

"ಅಕ್ಕಾ, ಇವತ್ತು ಕೇಳಬಾರದು..."

"ಕೇಳು."

"ನನ್ನ ಟ್ಯೂಬುಗಳು. ಲಿವಿಯು ಅಣ್ಣ ಒಂದು ದಿನಕ್ಕೆ ಅಂತ ತಗೊಂಡಿದ್ರು. ಅವತ್ತು ಅವರ ಐಸ್ ಬಕೆಟ್ ಸಂಜೆವರೆಗೂ ಮೇಜಿನ ಮೇಲೇ ಇತ್ತಂತೆ, ಪೂರ್ತಿ ನೀರಾಗಿತ್ತಂತೆ. ಅದರಲ್ಲೇ ಇದ್ವಾ?"

ಹದಿನೆಂಟು ರೋಗಿಗಳ ಯಕೃತ್ತಿನ ಗಡ್ಡೆಯಿಂದ ತೆಗೆದ ಆರ್‌ಎನ್‌ಎ ಅದು. ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿತ್ತು ಎಂಬುದನ್ನು ಅದರಿಂದಲೇ ಅಳೆಯಬೇಕು. ಬರಿ ಬೆರಳು ತಾಗಿದರೂ ಕೆಡುವ ವಸ್ತು. ತಂಪು ಬಿಟ್ಟು ಅರ್ಧ ದಿನ ಹೊರಗಿದ್ದರೆ ಮುಗಿಯಿತು. ಆ ರೋಗಿಗಳಲ್ಲಿ ಹನ್ನೊಂದು ಮಂದಿ ಈಗ ಇಲ್ಲ. ಇನ್ನೊಮ್ಮೆ ತೆಗೆಯುವ ಮಾತೇ ಇರಲಿಲ್ಲ.

"ಈಗ ಫ್ರೀಜರಿನಲ್ಲಿವೆ. ಯಾರು, ಯಾವಾಗ ಇಟ್ಟರೋ ಗೊತ್ತಿಲ್ಲ. ನೋಡೇಬಿಡೋಣ," ಎಂದಳು ಸ್ಮರಾಂಡಾ.

ಮೂರು ಟ್ಯೂಬುಗಳಿಂದ ಒಂದೊಂದು ಹನಿ ತೆಗೆದು ಜೆಲ್‌ಗೆ ಹಾಕಿ ಕರೆಂಟು ಕೊಟ್ಟಳು. ಮುಕ್ಕಾಲು ಗಂಟೆ ಕಾಯಬೇಕು. ಅವಳು ಒರೆಸಿದ ಮೇಜನ್ನೇ ಒರೆಸಿದಳು. ಕಿಟಕಿ ತೆರೆದಳು, ಮುಚ್ಚಿದಳು.

"ಕೂತ್ಕೊಳ್ಳೇ ಮಾರಾಯ್ತಿ," ಎಂದಳು ಸವೇತಾ. "ನೀನು ನಿಂತ್ರೆ ಕರೆಂಟು ಬೇಗ ಓಡುತ್ತಾ?"

ಕೆಟ್ಟಿದ್ದರೆ ಮೇಲಿಂದ ಕೆಳಗಿನವರೆಗೆ ಬರೀ ಮಂಕು ಕಲೆ ಕಾಣಬೇಕು, ಕೆಡದಿದ್ದರೆ ಎರಡು ಗೆರೆ. ದೀಪ ಆರಿಸಿ ಜೆಲ್ಲನ್ನು ನೇರಳೆ ಬೆಳಕಿನ ಮೇಲಿಟ್ಟರು. ಮೂರು ಸಾಲಿನಲ್ಲೂ ಎರಡೆರಡು ಗೆರೆ. ಚೊಕ್ಕವಾಗಿ ಎಳೆದಂಥವು, ಮೇಲಿನದು ಇನ್ನಷ್ಟು ಪ್ರಖರ.

ಇಲಿಂಕಾ ಬಾಯಿಗೆ ಕೈ ಅಡ್ಡ ಹಿಡಿದು ಅತ್ತುಬಿಟ್ಟಳು. "ಒಂದು ಚೂರೂ ಕೆಟ್ಟಿಲ್ಲ ಅಕ್ಕಾ!" ಎಂದು ತನ್ನ ಮಹಡಿಯ ಫ್ರೀಜರಿನಲ್ಲಿ ಜಾಗ ಮಾಡಲು ಮೇಲಕ್ಕೆ ಓಡಿದಳು.

"ಆಂಟಿ, ನೀವೇ ತಕ್ಷಣ ತೆಗೆದಿಟ್ಟಿರಬೇಕು, ಅದಕ್ಕೇ ಉಳೀತು," ಎಂದಳು ಸ್ಮರಾಂಡಾ.

"ನಾನೆಲ್ಲಿಟ್ಟೆ? ನಾವೆಲ್ಲ ಅವನ ಸುತ್ತಾನೇ ಇದ್ವಲ್ಲ. ಸಂಜೆ ಬಕೆಟ್ ಚೆಲ್ಲಿದ್ದು ನಾನೇ. ಅದರಲ್ಲಿ ಬರೀ ನೀರು, ಟ್ಯೂಬು ಇರ್ಲಿಲ್ಲ." ಸವೇತಾ ಕಪಾಟಿನಿಂದ ಒಂದು ಪ್ಲಾಸ್ಟಿಕ್ ತಟ್ಟೆ ತೆಗೆದಳು. "ಅವತ್ತು ಅವನು ಟ್ಯೂಬಿಂದ ಹನಿ ಹಾಕ್ತಿದ್ದ ತಟ್ಟೆ ಇದು. ಎಸೆಯೋಕೆ ಮನಸ್ಸು ಬರ್ಲಿಲ್ಲ ನೋಡು. ಪಾಪ, ಅರ್ಧಕ್ಕೇ ನಿಂತಿದೆ."

ಹದಿನೆಂಟು ಟ್ಯೂಬಿಗೆ ಹದಿನೆಂಟು ಗುಳಿಗೆ ಗುರುತು ಹಾಕಿದ್ದ, ಒಂಬತ್ತು ಮಾತ್ರ ತುಂಬಿದ್ದವು. ಲಿವಿಯು ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವನಲ್ಲ.

ಸ್ಮರಾಂಡಾ ಕಾರಿಡಾರಿಗೆ ಬಂದಳು. ಈ ತುದಿಯಲ್ಲಿ ಅವನ ಮೇಜು, ಆ ತುದಿಯಲ್ಲಿ ಫ್ರೀಜರು. ನಡುವೆ ಅವಳ ಕೋಣೆ. ಮಂಗಳವಾರ ಅದರ ಬಾಗಿಲು ತೆರೆದೇ ಇತ್ತು. ಅವಳು ಒಳಗೆ ಕೂತು ಅಂಕಿ ತುಂಬುತ್ತಿದ್ದಳು. ನೋವು ಶುರುವಾದ ಮೇಲೆ ಅವನು ಆ ಬಾಗಿಲ ಮುಂದೆಯೇ ಹಾದಿರಬೇಕು, ಟ್ಯೂಬು ಹಿಡಿದು ಫ್ರೀಜರಿಗೆ ಹೋಗುವಾಗ ಒಮ್ಮೆ, ವಾಪಸು ಬರುವಾಗ ಒಮ್ಮೆ. ಅವಳನ್ನು ಕರೆದಿರಲಿಲ್ಲ. ಅವಳು ಹೆಜ್ಜೆ ಎಣಿಸುತ್ತ ಹೋದಳು. ಬಾಗಿಲವರೆಗೆ ಒಂಬತ್ತು. ಫ್ರೀಜರಿನವರೆಗೆ ಮೂವತ್ತೊಂದು.

ಪೆಟ್ಟಿಗೆಯನ್ನು ತೆಗೆದು ಹಾಗೇ ಮೆಟ್ಟಿಲು ಹತ್ತಿದಳು.

"ತಗೋ. ಹದಿನೆಂಟೂ ಇವೆ. ಫ್ರೀಜರಿಗೆ ಇಟ್ಟಿದ್ದು ಲಿವಿಯುನೇ."

"ಎಷ್ಟು ಜೋಪಾನ ಮಾಡಿದ್ರು ನೋಡಿ ಅಕ್ಕಾ," ಎಂದಳು ಇಲಿಂಕಾ, ಮೂಗು ಒರೆಸಿಕೊಳ್ಳುತ್ತ. "ಬೇರೆ ಯಾರಾಗಿದ್ರೂ..."

"ಹೌದು. ಜೋಪಾನದ ಮನುಷ್ಯ."

ಇಲಿಂಕಾ ಪೆಟ್ಟಿಗೆಗೆ ಕೈಹಾಕಿದಳು. ಅದು ಬರಲಿಲ್ಲ.

"ಅಯ್ಯೋ, ಗ್ಲೌಸೇ ಹಾಕಿಲ್ವಲ್ಲ ನೀವು! ಬಿಡಿ ಅಕ್ಕಾ, ಕೈ ಸುಡುತ್ತೆ, ಬಿಡಿ."

ಸ್ಮರಾಂಡಾ ಬಿಟ್ಟಳು. ಪೆಟ್ಟಿಗೆಯ ಮೇಲಿನ ಹಿಮದಲ್ಲಿ ಅವಳ ಬೆರಳುಗಳಷ್ಟು ಜಾಗ ಕರಗಿತ್ತು. ಇಲಿಂಕಾ ಫ್ರೀಜರಿನ ಬಾಗಿಲು ತೆರೆಯುವಷ್ಟರಲ್ಲಿ ಅಲ್ಲಿ ಮತ್ತೆ ತೆಳ್ಳಗೆ ಬಿಳಿ ಕೂತಿತು.