ಗೋಡೆ ತುಂಬ ಫೋಟೊ

"ಅದೊಂದನ್ನ ಮುಟ್ಬೇಡ!" ಎಂದು ಅಮ್ಮ ಕೂಗುವಷ್ಟರಲ್ಲಿ ಅಣ್ಣ ಮೊಳೆಯಿಂದ ಫೋಟೊ ಬಿಡಿಸಿಯಾಗಿತ್ತು.

ಅಪ್ಪನನ್ನು ನಡುಮನೆಯಲ್ಲಿ ಮಲಗಿಸಿದ್ದರು. ತಲೆಯ ಬಳಿ ಇಡಲು ಅವನದೊಂದು ಫೋಟೊ ಬೇಕಿತ್ತು. ಗೋಡೆ ತುಂಬ ಫೋಟೊ ಇರುವ ಮನೆಯಲ್ಲಿ ಅದಕ್ಕೇನು ಬರ ಎಂದು ಅಣ್ಣ ಇದ್ದುದರಲ್ಲಿ ದೊಡ್ಡದಕ್ಕೇ ಕೈ ಹಾಕಿದ್ದ. ಅಪ್ಪ ಅಮ್ಮನ ಹೆಗಲು ಬಳಸಿ ನಗುತ್ತ ನಿಂತದ್ದು. ಅದು ಕೆಳಗಿಳಿದದ್ದೇ ತಡ, ಹಿಂದಿನ ಹಲಗೆಗೋಡೆಯಲ್ಲಿ ಒಂದು ತೂತು ಕಾಣಿಸಿತು. ಸಣ್ಣದಲ್ಲ, ಮುಷ್ಟಿ ಹಿಡಿಸುವಷ್ಟು. ಸುತ್ತಲಿನ ಬಿಳಿ ಬಣ್ಣ ಒಡೆದು, ಹಲಗೆಯ ಸಿಬಿರುಗಳು ಒಳಮುಖವಾಗಿ ಬಾಗಿದ್ದವು. ಅಮ್ಮ ಆ ಗೋಡೆಗೆ ಒರಗಿ ನಿಂತರೆ ಅದು ಸರಿಯಾಗಿ ಅವಳ ಕಿವಿಯ ಪಕ್ಕಕ್ಕೆ ಬರುತ್ತಿತ್ತು.

ಕೂತಿದ್ದವರೆಲ್ಲ ನೋಡಿದರು. ನೋಡಿ, ನೋಡದವರ ಹಾಗೆ ಮುಖ ತಿರುಗಿಸಿದರು. ಸಾವಿನ ಮನೆಯಲ್ಲಿ ಜನಕ್ಕೆ ಎಲ್ಲಿಲ್ಲದ ಮರ್ಯಾದೆ ಬಂದುಬಿಡುತ್ತದೆ.

"ಮೊಳೆ ಹೊಡೆಯೋವಾಗ ಆಗಿರ್ಬೇಕು, ಪಾಪ," ಎಂದಳು ಅಪ್ಪನ ಅಕ್ಕ. "ಅವನ ಕೈಗೆ ಸುತ್ತಿಗೆ ಯಾವತ್ತೂ ಒಗ್ಗಲೇ ಇಲ್ಲ."

ಹೆಣದ ಕಾಲ ಬಳಿ ಕೂತಿದ್ದ ಮಗಳಿಗೆ ನಗು ಉಕ್ಕಿತು. ಕೆಮ್ಮಿದ ಹಾಗೆ ಮಾಡಿ ನುಂಗಿಕೊಂಡಳು. ಅಪ್ಪನ ಕೈಗೆ ಏನೇನು ಒಗ್ಗಿತ್ತು ಎಂಬುದನ್ನು ಅವಳಷ್ಟು ಬಲ್ಲವರು ಅಮ್ಮನನ್ನು ಬಿಟ್ಟರೆ ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಬಾಗಿಲ ಬಳಿ ಮನೆ ಬ್ರೋಕರ್ ನಿಂತಿದ್ದ. ಅಪ್ಪನಿಗೆ ಕೆಲಸ ಕೊಡುತ್ತಿದ್ದವನು ಅವನೇ. ಹೊಸಬರು ಒಳಗೆ ಬಂದಾಗಲೆಲ್ಲ ಸಾವಿನ ಕತೆಯನ್ನು ಮೊದಲಿಂದ ಶುರು ಮಾಡುತ್ತಿದ್ದ. "ಕೆಲಸ ಮಾಡ್ತಾ ಮಾಡ್ತಾನೇ ಹೋದ್ರು ನೋಡಿ. ಕೈಯಲ್ಲಿ ಕ್ಯಾಮೆರಾ ಹಿಡ್ಕೊಂಡೇ. ಯಾರಿಗುಂಟು ಅಂಥ ಸಾವು!"

ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ದೀಪ ಹಿಡಿದು ಪಕ್ಕದಲ್ಲೇ ನಿಂತಿದ್ದವಳು ಮಗಳು. ಫೋಟೊ ತೆಗೆಯಲು ಹೋಗಿದ್ದ ಮನೆಯ ಮುದುಕನೊಬ್ಬ ತನ್ನ ಕುರ್ಚಿ ಬಿಟ್ಟು ಏಳಲೊಲ್ಲೆ ಎಂದಿದ್ದ. ಅಪ್ಪ ಕಿರುಚಿದ, ಮುದುಕನ ಮೇಲೆ ಕೈಯೆತ್ತಿದ. ಎತ್ತಿದ ಕೈ ಅರ್ಧಕ್ಕೆ ನಿಂತು ತನ್ನದೇ ಎದೆ ಹಿಡಿದುಕೊಂಡಿತು.

* * *

ಅಪ್ಪ ಮಾರಾಟದ ಮನೆಗಳ ಫೋಟೊ ತೆಗೆಯುತ್ತಿದ್ದ. ಮದುವೆಗೆ ಕರೆದರೂ ಹೋಗುತ್ತಿರಲಿಲ್ಲ. "ಜನ ಅಲ್ಲಾಡ್ತಾರೆ. ಮನೆ ಸುಮ್ನೆ ಹೇಳಿದ ಹಾಗೆ ಕೇಳುತ್ತೆ," ಎನ್ನುತ್ತಿದ್ದ.

ಬೇರೆಯವರ ಮನೆಯೊಳಗೆ ಕಾಲಿಟ್ಟರೆ ಅವನ ಕೈ ಬೆಣ್ಣೆಯಾಗುತ್ತಿತ್ತು. ಹಾಸಿಗೆಯ ಸುಕ್ಕುಗಳನ್ನು ಅಂಗೈಯಿಂದ ನೀವುತ್ತಿದ್ದ. ಸಿಂಕಿನಲ್ಲಿ ಬಿದ್ದ ಪಾತ್ರೆಗಳನ್ನು ತಾನೇ ತೊಳೆಯುತ್ತಿದ್ದ. ಕಮೋಡಿನ ಮುಚ್ಚಳ ಹಾಕಿ, ಹಗಲಾದರೂ ಎಲ್ಲ ದೀಪ ಹೊತ್ತಿಸಿ, ಕ್ಯಾಮೆರಾವನ್ನು ಎದೆಯ ಎತ್ತರಕ್ಕೆ ಇಳಿಸಿ, ಮೂಲೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದ. ಗೂಡಿನಂಥ ಕೋಣೆಯೂ ಅವನ ಫೋಟೊದಲ್ಲಿ ಕಾಲು ಚಾಚಿ ಮಲಗುವಷ್ಟು ದೊಡ್ಡದಾಗುತ್ತಿತ್ತು. ಆದರೆ ಎಲ್ಲಕ್ಕಿಂತ ಮೊದಲು, ಗೋಡೆಯ ಮೇಲಿದ್ದ ಆ ಮನೆಯವರ ಫೋಟೊಗಳನ್ನು ಒಂದೊಂದಾಗಿ ಇಳಿಸಿ ಮಂಚದ ಕೆಳಗೆ ಜೋಡಿಸಿಡುತ್ತಿದ್ದ.

"ಕೊಳ್ಳೋಕೆ ಬರೋರು ಆ ಮನೇಲಿ ತಮ್ಮನ್ನ ಕಾಣ್ಬೇಕು. ಬೇರೆಯವರ ಮುಖ ಕಂಡ್ರೆ ಕಾಲು ಹಿಂದಕ್ಕೆ ಹೋಗುತ್ತೆ. ಮನೆ ಫೋಟೊದಲ್ಲಿ ಮನುಷ್ಯರು ಇರ್ಕೂಡದು, ಒಂದು ಬೆರಳೂ ಕಾಣ್ಕೂಡದು. ತಿಳೀತಾ?"

ತಿಳಿದಿತ್ತು. ಆದರೂ ಒಮ್ಮೆ, ಶಾಲೆಗೆ ರಜೆ ಇದ್ದಾಗ ಅವನ ಜೊತೆ ಹೋಗಿದ್ದ ಮಗಳ ಮೊಣಕೈ ಬೀರುವಿನ ಕನ್ನಡಿಯಲ್ಲಿ ಬಿದ್ದುಬಿಟ್ಟಿತು. ಅದು ಗೊತ್ತಾದದ್ದು ಮನೆಯವರಿಗೆ ಬೀಗದ ಕೈ ಒಪ್ಪಿಸಿ ಕಾರಿನಲ್ಲಿ ಕೂತ ಮೇಲೆ. ಅಪ್ಪ ಬಯ್ಯಲಿಲ್ಲ. ಅವಳ ಆ ಮೊಣಕೈಯನ್ನು ಮೆಲ್ಲಗೆ ಹಿಡಿದು, ಕಾರಿನ ಬಾಗಿಲ ಸಂದಿಯಲ್ಲಿಟ್ಟು, ಬಾಗಿಲನ್ನು ರಪ್ಪನೆ ಎಳೆದ.

ಹುಡುಗಿಗೆ ಮೈಮೇಲೆ ಗಮನ ಇಲ್ಲ, ತಾನೇ ಬಾಗಿಲು ಹಾಕಿಕೊಂಡಳು ಎಂದು ಡಾಕ್ಟರಿಗೆ ಅವನೇ ಹೇಳಿದ. ಬರುವಾಗ ಐಸ್‌ಕ್ರೀಮ್ ಕೊಡಿಸಿದ. ಆ ಕೈ ಈಗಲೂ ಪೂರ್ತಿ ನೆಟ್ಟಗಾಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಅವಳನ್ನು ಕಾಡುವುದು ಬೇರೆಯದೇ: ಅಂದು ಆ ಐಸ್‌ಕ್ರೀಮ್ ಅವಳಿಗೆ ರುಚಿಯಾಗಿತ್ತು.

* * *

ಮಧ್ಯಾಹ್ನದ ಹೊತ್ತಿಗೆ ಒಬ್ಬ ನಿವೃತ್ತ ನರ್ಸ್ ಬಂದಳು. ಅಮ್ಮನ ಎರಡೂ ಕೈ ಹಿಡಿದುಕೊಂಡು ಕಣ್ಣೀರು ಹಾಕಿದಳು.

"ನಮ್ಮ ಮನೆ ಕಡೆ ಯಾರೂ ತಿರುಗಿ ಕೂಡ ನೋಡ್ತಿರ್ಲಿಲ್ಲ. ಇವ್ರು ಬಂದು ಫೋಟೊ ತೆಗೆದ್ರು ನೋಡಿ, ಜನ ಸಾಲುಗಟ್ಟಿದ್ರು. ಹೂದಾನಿಗೆ ಹೂವು ಸಹ ತಾವೇ ತಂದಿದ್ರು. ನನ್ನ ಹಾಸಿಗೆ ಹೊದಿಕೆಗೆ ತಾವೇ ಇಸ್ತ್ರಿ ಹಾಕಿದ್ರು ಕಣಮ್ಮ, ಯಾವ ಗಂಡಸು ಹಾಗೆ ಮಾಡ್ತಾನೆ!"

"ಹೌದು," ಎಂದಳು ಅಮ್ಮ. "ಇಸ್ತ್ರಿ ಚೆನ್ನಾಗಿ ಹಾಕ್ತಿದ್ರು."

ಅವಳ ಒಂದು ಕೈ ಹಿಡಿತದಿಂದ ಜಾರಿ ತಾನಾಗಿ ಬೆನ್ನಿನ ಕಡೆಗೆ ಹೋಯಿತು. ಅಲ್ಲಿರುವ ಮೂರು ಮೂಲೆಯ ಸುಟ್ಟ ಕಲೆಯನ್ನು ಮಗಳು ಬಲ್ಲಳು. ನರ್ಸ್ ಬಲ್ಲಳೇ? ಅವಳು ಗೋಡೆಗಳತ್ತ ನೋಡುತ್ತಿದ್ದಳು. "ಎಲ್ಲಿ ನೋಡಿದ್ರೂ ನಿಮ್ಮ ಸಂಸಾರದ್ದೇ ಫೋಟೊ. ಎಂಥ ಅನ್ಯೋನ್ಯ!"

ಆ ಮಾತಿಗೇ ಕಾದಿದ್ದವನಂತೆ ಅಣ್ಣ ಗಂಟಲು ಸರಿಮಾಡಿಕೊಂಡ. "ಅಮ್ಮ ಇನ್ಮೇಲೆ ಒಂಟಿಯಾಗಿ ಇರೋದು ಬೇಡ. ನಾಳೆನೇ ನಾವು ಇಲ್ಲಿಗೆ ಬಂದ್ಬಿಡ್ತೀವಿ. ಅಪ್ಪನ ಜಾಗದಲ್ಲಿ ನಾನಿರ್ತೀನಿ."

ಬಂದವರು ತಲೆದೂಗಿದರು. ಮಗ ಅಂದರೆ ಹೀಗಿರಬೇಕು ಎಂದು ಒಬ್ಬರು ಅಂದರು. ಅಣ್ಣನ ಹಿಂದೆ ಕೂತಿದ್ದ ಅತ್ತಿಗೆ ಮಾತ್ರ ತಲೆಯೆತ್ತಲಿಲ್ಲ. ಬೆವರು ಹರಿಯುವ ಸೆಕೆಯಲ್ಲೂ ಅವಳು ತುಂಬುತೋಳಿನ ಬಟ್ಟೆ ತೊಟ್ಟಿದ್ದಳು. ತೋಳನ್ನು ಇನ್ನಷ್ಟು ಕೆಳಗೆ ಎಳೆದು ಮಣಿಕಟ್ಟು ಮುಚ್ಚಿಕೊಂಡಳು.

ಅಮ್ಮ ಅದನ್ನು ನೋಡಿದಳು. ಅಮ್ಮ ನೋಡಿದ್ದನ್ನು ಮಗಳು ನೋಡಿದಳು. ತೋಳು ಎಳೆದುಕೊಳ್ಳುವ ಆ ರೀತಿ ಆ ಮನೆಗೆ ಹೊಸದಲ್ಲ.

ಅಮ್ಮ ಬ್ರೋಕರ್ ಕಡೆಗೆ ತಿರುಗಿದಳು. "ಈ ಮನೆ ಮಾರ್ಬೇಕು. ಇವತ್ತೇ ಫೋಟೊ ತೆಗೆದು ಜಾಹೀರಾತು ಹಾಕ್ಬಿಡಿ."

ಬ್ರೋಕರ್ ಸುತ್ತ ಕೂತವರನ್ನು ನೋಡಿದ. "ಈಗ್ಯಾಕಮ್ಮ... ಮೊದ್ಲು ಎಲ್ಲ ಮುಗೀಲಿ. ದುಃಖದಲ್ಲಿ ಏನೋ ಅಂತೀರ."

"ದುಃಖ ಎಲ್ಲಿದೆ? ಮನೆ ನನ್ನ ಹೆಸರಲ್ಲಿದೆ, ನಮ್ಮಪ್ಪ ಕೊಟ್ಟಿದ್ದು. ಇವರೆಲ್ಲ ಇಲ್ಲಿ ಕೂತಿರೋವಾಗ್ಲೇ ಹೇಳ್ತಿದ್ದೀನಿ. ನಾಳೆ ಹೇಳೋಕೆ ನನಗೆ ಬಾಯಿ ಇರುತ್ತೋ ಇಲ್ವೋ."

* * *

ಮನೆ ಮಾರುತ್ತೇನೆಂದು ಅಮ್ಮ ಹಿಂದೊಮ್ಮೆಯೂ ಹೇಳಿದ್ದಳು. ಭಾನುವಾರದ ಬೆಳಿಗ್ಗೆ. ಮಕ್ಕಳನ್ನು ಕರೆದುಕೊಂಡು ಬೇರೆ ಎಲ್ಲಾದರೂ ಎರಡು ಕೋಣೆ ಹಿಡಿದು ಇರುತ್ತೇನೆ ಎಂದಿದ್ದಳು.

"ಆಯ್ತು, ಮಾರು," ಎಂದು ಅಪ್ಪ ನಕ್ಕ. "ಫೋಟೊ ಯಾರು ತೆಗೀತಾರೆ?"

ನಗುತ್ತಲೇ ಹೊಡೆದ. ಮೊದಲನೆಯ ಗುದ್ದು ಹಲಗೆಗೋಡೆಗೆ ಬಿತ್ತು. ಎರಡನೆಯದು ಗೋಡೆಗೆ ಬೀಳಲಿಲ್ಲ. ಅಮ್ಮನ ದವಡೆ ಮುರಿದ ಸದ್ದು, ಒಣಗಿದ ಕಡ್ಡಿ ಮುರಿದಂಥ ಚಿಕ್ಕ ಸದ್ದು. ಆಮೇಲೆ ಬಹಳ ದಿನ ಅವಳು ಗಂಜಿ ಕುಡಿದುಕೊಂಡಿದ್ದಳು.

ಅಣ್ಣ ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತ. "ದೊಡ್ಡವನಾದ್ಮೇಲೆ ಇವನನ್ನ ಕೊಂದೇ ಹಾಕ್ತೀನಿ," ಎಂದು ಒಳಗಿನಿಂದ ಕೂಗುತ್ತಿದ್ದ. ಅಪ್ಪನಿಗೆ ಕೇಳಿಸಿದರೆ ಗತಿಯೇನು ಎಂದು ತಂಗಿ ಹೊರಗೆ ನಿಂತು ನಲ್ಲಿ ತಿರುಗಿಸು, ನಲ್ಲಿ ತಿರುಗಿಸು ಎಂದು ಬಾಗಿಲು ಬಡಿಯುತ್ತಿದ್ದಳು.

ಅಪ್ಪ ಅವಳನ್ನು ಕರೆದ. ಮೊಳೆಗಳ ಡಬ್ಬಿ ಕೈಗೆ ಕೊಟ್ಟ. ತಾನೂ ಅಮ್ಮನೂ ನಗುತ್ತ ನಿಂತಿದ್ದ ಫೋಟೊವನ್ನು ತೂತಿನ ಮೇಲೆ ತೂಗುಹಾಕಿ, ಹಿಂದಕ್ಕೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದ. "ಎಡಗಡೆ ಸ್ವಲ್ಪ ಏರಿಸು. ಇನ್ನೂ ಸ್ವಲ್ಪ. ಹ್ಞಾಂ, ಈಗ ಸರಿ." ಅಡುಗೆಮನೆಯಲ್ಲಿ ಅಮ್ಮ ಬಾಯಿಗೆ ಒದ್ದೆ ಬಟ್ಟೆ ಒತ್ತಿಕೊಂಡು ನಿಂತಿದ್ದಳು.

ಊರಿನವರ ಮನೆಗಳಲ್ಲಿ ಫೋಟೊ ಇಳಿಸುತ್ತಿದ್ದ ಮನುಷ್ಯ ತನ್ನ ಮನೆಯಲ್ಲಿ ಏರಿಸುತ್ತ ಹೋದ. ಸಮುದ್ರದ ದಂಡೆಯ ಫೋಟೊ, ಅಣ್ಣ ಬಹುಮಾನ ಹಿಡಿದು ನಿಂತ ಫೋಟೊ, ಅಣ್ಣನ ಮದುವೆಯ ಫೋಟೊ. ಗೋಡೆ ತುಂಬುತ್ತ ಬಂತು. ಬಂದವರೆಲ್ಲ ಹೊಗಳಿದರು.

* * *

ಅಮ್ಮ ಎದ್ದು ಸಮುದ್ರದ ಫೋಟೊ ಇಳಿಸಿದಳು. ಅದರ ಹಿಂದೆ ಇಸ್ತ್ರಿಪೆಟ್ಟಿಗೆಯ ಮೂತಿ ನಾಟಿದ ಗುರುತಿತ್ತು. ಬಹುಮಾನದ ಫೋಟೊ ಇಳಿಸಿದಳು. ಅಲ್ಲಿ ಹಲಗೆ ಉದ್ದಕ್ಕೆ ಸೀಳಿತ್ತು.

"ಏನ್ ಮಾಡ್ತಿದ್ದೀಯಮ್ಮ?" ಎಂದ ಅಣ್ಣ.

"ಮನೆ ಫೋಟೊ ತೆಗೆಯೋಕೆ ಮುಂಚೆ ಇವನ್ನೆಲ್ಲ ಇಳಿಸ್ಬೇಕಪ್ಪ. ನಿಮ್ಮಪ್ಪನೇ ಹೇಳ್ತಿದ್ರಲ್ಲ."

ನರ್ಸ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಸತ್ತವನ ಮಾನ ಯಾಕೆ ಬೀದಿಗೆ ಎಳೀತೀಯ!" ಎಂದು ಅಪ್ಪನ ಅಕ್ಕ ಎದೆ ಬಡಿದುಕೊಂಡಳು. ಅಮ್ಮ ಆಗಲೇ ಮುಂದಿನ ಮೊಳೆಗೆ ಹೋಗಿದ್ದಳು.

ಮಗಳು ಚೀಲದಿಂದ ಅಪ್ಪನ ಕ್ಯಾಮೆರಾ ತೆಗೆದು ಕೊರಳಿಗೆ ಹಾಕಿಕೊಂಡಳು. ಮೂಲೆಗೆ ಬೆನ್ನು ಹಚ್ಚುವಷ್ಟರಲ್ಲಿ ಅಣ್ಣ ನುಗ್ಗಿ ಬಂದ. ಕ್ಯಾಮೆರಾ ಕಿತ್ತುಕೊಳ್ಳಲು ಎಳೆದ. ಪಟ್ಟಿ ಅವಳ ಕೊರಳಿಗೆ ಬಿಗಿಯಿತು. ಉಸಿರು ಸಿಕ್ಕಿಕೊಂಡು ಅವಳು ಅವನ ಕೈಯನ್ನು ಪರಚಿದಳು. ಅವನು ನೂಕಿದ ರಭಸಕ್ಕೆ ಹಣೆ ಬೀರುವಿನ ಮೂಲೆಗೆ ಬಡಿಯಿತು. ಬಿಸಿಬಿಸಿಯಾದದ್ದು ಹುಬ್ಬಿನ ಮೇಲಿಂದ ಇಳಿದು ಕಣ್ಣಿಗೆ ಹೋಯಿತು.

"ಏಯ್, ಏನಪ್ಪಾ ಇದು, ಹೆಣ ಮುಂದಿಟ್ಕೊಂಡು!" ಎಂದು ಬ್ರೋಕರ್ ಕೂಗಿದ. ಕೂಗಿದನೇ ಹೊರತು ಹೊಸಿಲು ಬಿಟ್ಟು ಅಲುಗಲಿಲ್ಲ.

ಅಡ್ಡ ಬಂದವಳು ಅಮ್ಮ. ಅಣ್ಣ ಅವಳ ರಟ್ಟೆ ಹಿಡಿದು ಹಿಂದಕ್ಕೆ ದೂಡಿದ. ಅವಳ ಬೆನ್ನು ಹಲಗೆಗೋಡೆಗೆ ತಾಗಿತು. "ಮಾರ್ತೀಯಾ? ಅಪ್ಪನ ಮನೆ ಮಾರ್ತೀಯಾ?" ಅವನ ದನಿ ಒಡೆಯಿತು, ಮುಷ್ಟಿ ಮೇಲೆದ್ದಿತು. ಅಮ್ಮ ಈ ಸಲ ಕಣ್ಣು ಮುಚ್ಚಲಿಲ್ಲ, ಮುಖ ಮುಚ್ಚಿಕೊಳ್ಳಲು ಕೈಯನ್ನೂ ಎತ್ತಲಿಲ್ಲ. ಮಗನನ್ನೇ ನೋಡುತ್ತ ನಿಂತಳು.

ಮುಷ್ಟಿ ಅವಳ ಕಿವಿಯ ಪಕ್ಕದಿಂದ ಹೋಯಿತು. ಸದ್ದಾಗಲಿಲ್ಲ, ಏನೂ ಒಡೆಯಲಿಲ್ಲ. ಅದು ಹಳೆಯ ತೂತಿನೊಳಗೆ, ಅಳತೆ ಕೊಟ್ಟು ಮಾಡಿಸಿದ ಹಾಗೆ, ಮಣಿಕಟ್ಟಿನ ತನಕ ಹೋಗಿ ಕೂತಿತು.

ಅಣ್ಣ ಕೈ ಎಳೆದುಕೊಂಡ. ಬರಲಿಲ್ಲ. ಒಳಕ್ಕೆ ಬಾಗಿದ್ದ ಸಿಬಿರುಗಳು ಗಾಳದ ಹಾಗೆ ಮಾಂಸ ಕಚ್ಚಿದ್ದವು. ಎಳೆದಷ್ಟೂ ಆಳಕ್ಕೆ ಇಳಿದವು. ಬಿಳಿ ಬಣ್ಣದ ಮೇಲೆ ರಕ್ತ ಗೆರೆಗೆರೆಯಾಗಿ ಹರಿಯಿತು. ಅವನು ತೂತನ್ನು ನೋಡಿದ, ಅಪ್ಪನ ಹೆಣವನ್ನು ನೋಡಿದ, ಮತ್ತೆ ತನ್ನ ಕೈ ನೋಡಿದ. ಕೋಣೆಯಲ್ಲಿದ್ದ ಯಾರೂ ಈಗ ಮುಖ ತಿರುಗಿಸಲಿಲ್ಲ.

"ಎಳೀಬೇಡ. ಚುಚ್ಚುತ್ತೆ," ಎಂದಳು ಅಮ್ಮ.

ಅಷ್ಟಕ್ಕೆ ಅವನು ಬಿಕ್ಕಿದ. ಬಚ್ಚಲಿನ ಬಾಗಿಲ ಹಿಂದೆ ಕೇಳಿದ್ದ ಅದೇ ದನಿ ಎಂದು ಮಗಳಿಗೆ ಗುರುತು ಸಿಕ್ಕಿತು. ಹಣೆಯ ರಕ್ತ ಒರೆಸಿಕೊಳ್ಳುತ್ತಲೇ ಅವಳಿಗೆ ಅವನ ಮೇಲೆ ಅಯ್ಯೋ ಅನಿಸಿತು. ಹಾಗನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು. ನರ್ಸ್ ಬಂದು ಒಂದೊಂದೇ ಸಿಬಿರು ಮುರಿದು ಕೈ ಬಿಡಿಸಿದಳು, ಬಟ್ಟೆ ಹರಿದು ಕಟ್ಟಿದಳು.

ಹೊರಗೆ ಗಾಡಿ ಹಾರ್ನ್ ಹೊಡೆಯಿತು. ಹೆಣ ಎತ್ತಿದರು. ಅಣ್ಣ ಆ ಕೈಯಲ್ಲೇ ಹಿಡಿದು ಹೆಗಲು ಕೊಟ್ಟ.

"ನೀವು ಬರಲ್ವೇನಮ್ಮ?" ಎಂದು ಬ್ರೋಕರ್ ಕೇಳಿದ.

"ಇಲ್ಲ. ಮನೆ ಗುಡಿಸೋದಿದೆ."

ಅವನು ಮಗಳ ಹತ್ತಿರ ಬಂದು ದನಿ ತಗ್ಗಿಸಿದ. "ಆ ತೂತು ಬರದ ಹಾಗೆ ತೆಗಿ, ತಾಯಿ. ನಿಮ್ಮಪ್ಪ ಆಗಿದ್ರೆ ಹೇಗಾದ್ರೂ ಮಾಡಿ ಮರೆಸ್ತಿದ್ರು. ಇಂಥ ಗೋಡೆ ನೋಡಿ ಯಾರು ತಗೋತಾರೆ?"

"ಗೋಡೆ ಒಡೆದು ಹಾಕೋರು ತಗೋತಾರೆ," ಎಂದಳು ಅಮ್ಮ, ಕಸಬರಿಕೆ ಹುಡುಕುತ್ತ.

ಗಾಡಿಯ ಸದ್ದು ದೂರವಾಯಿತು. ಮಗಳು ಎಲ್ಲ ದೀಪ ಹೊತ್ತಿಸಿದಳು. ಅಪ್ಪ ಯಾವಾಗಲೂ ಮುಚ್ಚಿಸುತ್ತಿದ್ದ ಪಕ್ಕದ ಕಿಟಕಿ ತೆರೆದಳು. ಓರೆಬಿಸಿಲು ಬಿದ್ದು ಗೋಡೆಯ ಒಂದೊಂದು ಪೆಟ್ಟೂ ಎದ್ದು ಕಂಡಿತು. ಮೂಲೆಗೆ ಬೆನ್ನು ಹಚ್ಚಿ, ಸೊಟ್ಟ ಮೊಣಕೈಯನ್ನು ಪಕ್ಕೆಗೆ ಒತ್ತಿ, ಕ್ಯಾಮೆರಾವನ್ನು ಎದೆಯೆತ್ತರಕ್ಕೆ ಹಿಡಿದಳು.

ಆಗ ಅತ್ತಿಗೆ ಎದ್ದು ಬಂದಳು. ಗಾಡಿಯಲ್ಲಿ ಅವಳೂ ಹೋಗಿಲ್ಲವೆಂಬುದನ್ನು ಅಲ್ಲಿಯವರೆಗೆ ಯಾರೂ ಗಮನಿಸಿರಲಿಲ್ಲ. ತೂತಿನ ಪಕ್ಕದಲ್ಲಿ, ರಕ್ತದ ಗೆರೆಗಳ ಪಕ್ಕದಲ್ಲಿ ಹೋಗಿ ನಿಂತಳು. ತುಂಬುತೋಳನ್ನು ಮಡಚಿ ಮಡಚಿ ಭುಜದ ತನಕ ಏರಿಸಿದಳು. ಮಣಿಕಟ್ಟಿನಿಂದ ಮೇಲಕ್ಕೆ, ನೀಲಿಗಟ್ಟಿದ ಬೆರಳಚ್ಚುಗಳು.

ಕ್ಯಾಮೆರಾದೊಳಗೆ ಅವಳು ನಡುಮಧ್ಯಕ್ಕೆ ಬಂದಿದ್ದಳು. ಮಗಳು ಪಕ್ಕಕ್ಕೆ ಸರಿ ಎನ್ನಲಿಲ್ಲ.