ಹುಲುಗಮ್ಮನ ಹತ್ತು ಸೆಕೆಂಡು

ಕಂಪ್ಲಿಯ ಹುಲುಗಮ್ಮ ಭತ್ತದ ನಾಟಿಗೆ ಹೆಂಗಸರ ಗುಂಪು ಕಟ್ಟಿ ಮೂವತ್ತು ವರ್ಷವಾಗಿತ್ತು. ಕಾಲುವೆಗೆ ನೀರು ಬಂತೆಂದರೆ ಗದ್ದೆ ಮಾಲೀಕರ ಮೋಟಾರ್ ಸೈಕಲ್ಲುಗಳು ಮೊದಲು ನಿಲ್ಲುತ್ತಿದ್ದುದು ಅವಳ ಅಂಗಳದಲ್ಲೇ. ಎಷ್ಟು ಎಕರೆ ಹೇಳಿದರೂ ಅವಳದು ಒಂದೇ ಉತ್ತರ: "ಏ, ಆಗತೈತಿ ಹೋಗ್ರಿ!" ಮೈಯಲ್ಲಿ ಜ್ವರವಿದ್ದರೂ ಅಷ್ಟೇ, ಸೊಂಟ ಹಿಡಿದಿದ್ದರೂ ಅಷ್ಟೇ. ಮುಂದಾಳು ಸೋತಿದ್ದಾಳೆಂದು ಮಾಲೀಕನ ಮೂಗಿಗೆ ಬಡಿದರೆ ಗದ್ದೆ ಪಕ್ಕದೂರಿನ ಗುಂಪಿನ ಪಾಲು. ಹೀಗಾಗಿ ಕೂಲಿ ಕೊಡುವವರ ಎದುರು ನೋವನ್ನು ನುಂಗುವುದು ನಾಟಿಯವರ ಮೊದಲ ಪಾಠ.

ಸಾವಿರದ ಒಂಬೈನೂರ ತೊಂಬತ್ತರ ಜುಲೈನಲ್ಲಿ, ಅರವತ್ತೇಳನೆಯ ವಯಸ್ಸಿನಲ್ಲಿ, ಆ ಪಾಠವನ್ನು ಅವಳು ಹೊಸಪೇಟೆಯ ಮೂಳೆ ಡಾಕ್ಟರ ಎದುರೂ ಒಪ್ಪಿಸಲು ಹೊರಟಳು.

ಜೊತೆಗೆ ಬಂದಿದ್ದವಳು ಯಮನಮ್ಮ, ಗುಂಪಿನ ಎರಡನೆಯ ಕೈ. ಬೆನ್ನಿಗೆ ಔಷಧಿ ಚುಚ್ಚಿ ಬಳ್ಳಾರಿಯಲ್ಲಿ ತೆಗೆದ ಎಕ್ಸ್‌ರೇ ಫಿಲ್ಮು ಅವಳ ಕಂಕುಳಲ್ಲಿತ್ತು. ಡಾಕ್ಟರ್ ನಾಗೇಂದ್ರಪ್ಪ ಅದನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಕುತ್ತಿಗೆಯ ಹತ್ತಿರ ಪೆನ್ನಿಟ್ಟರು.

"ನೋಡವ್ವಾ, ವಯಸ್ಸಾದಂಗ ಮೂಳಿ ಬೆಳದು ಇಲ್ಲಿ ಬೆನ್ನುಹುರೀನ ಅಮುಕಾಕತ್ತೈತಿ. ಕೈ ಸರಿಯಾಗಿ ಕೆಲಸ ಮಾಡ್ತಾವೇನು?"

"ಮಸ್ತ್ ಮಾಡ್ತಾವ್ರಿ."

"ನಡಿವಾಗ ತೂರಾಡೋದು, ಬೀಳೋದು?"

"ಬೀಳೋದಾ? ನಾನಾ?" ಹುಲುಗಮ್ಮ ನಕ್ಕಳು. ಯಮನಮ್ಮ ಕೆಮ್ಮಿದಳು.

ಹುಲುಗಮ್ಮನ ಲೆಕ್ಕ ಸರಳವಾಗಿತ್ತು. ನಾಟಿಗೆ ಇನ್ನು ಎಂಟು ದಿನ. ನಾಲ್ಕು ಗುಳಿಗೆ ಇಸಿದುಕೊಂಡು ಊರು ಸೇರಬೇಕು. ಡಾಕ್ಟರು ಕೊರಳಿಗೆ ಪಟ್ಟಿ ಹಾಕಿಸಿದರೆ ಗುಂಪಿನ ಪಟ್ಟ ಹೋಗುತ್ತದೆ. ಪಟ್ಟ ಹೋದಮೇಲೆ ಮನೆಯ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುವುದಷ್ಟೇ.

"ಏನೂ ತ್ರಾಸಿಲ್ಲಂದ್ರ ಅವಸರ ಬ್ಯಾಡ," ಎಂದು ಡಾಕ್ಟರು ಕೊರಳಪಟ್ಟಿಗೆ ಚೀಟಿ ಬರೆದರು. "ಪಟ್ಟಿ ಹಾಕ್ಕಂಡು, ಮೂರು ತಿಂಗಳಿಗೊಮ್ಮೆ ಬಂದು ತೋರಿಸು. ಆದ್ರ ಒಂದು ಪರೀಕ್ಷಾ ಐತಿ. ಹತ್ತು ಸೆಕೆಂಡಿನ್ಯಾಗ ಮುಷ್ಟಿ ಎಷ್ಟು ಸಲ ಬಿಗದು ಬಿಚ್ತಿ, ನೋಡಾನು. ಇಪ್ಪತ್ತು ಮುಟ್ಟಿದ್ರ ಚಲೋ."

ಪಂದ್ಯ! ಹುಲುಗಮ್ಮ ಸೆರಗು ಬಿಗಿದಳು. ಕಾಂಪೌಂಡರ್ ಅಂಜಿನಯ್ಯ ಗಡಿಯಾರ ನೋಡಿ "ಹ್ಞೂಂ" ಎಂದ. ಮುಷ್ಟಿ ಬಿಗಿಯಿತು. ಬಿಚ್ಚುವುದಕ್ಕೆ ಮಾತ್ರ ಬೆರಳುಗಳು ಸರ್ಕಾರಿ ಕಚೇರಿಯ ಗುಮಾಸ್ತರಂತೆ ಒಂದೊಂದಾಗಿ, ಒಂದರ ಮುಖ ಒಂದು ನೋಡುತ್ತ ಎದ್ದವು.

"ಒಂಬತ್ತು," ಎಂದ ಅಂಜಿನಯ್ಯ.

"ನಿನ್ನ ಗಡಿಯಾರಕ್ಕ ಬ್ಯಾನಿ ಬಂದೈತಿ! ನೀ ಮಾಡಪಾ ನೋಡಾನು."

ಅಂಜಿನಯ್ಯ ಮಾಡಿದ, ಇಪ್ಪತ್ತನಾಲ್ಕು. ಗದ್ದಲಕ್ಕೆ ಹೊರಗೆ ಕಾಯುತ್ತಿದ್ದವರು ಬಾಗಿಲಿಗೆ ಮುಗಿಬಿದ್ದರು. ಬೆನ್ನು ಹಿಡಿದು ಬಂದಿದ್ದ ಸಂಡೂರಿನ ಅದಿರು ಲಾರಿ ಡ್ರೈವರ್ ಬೆನ್ನುನೋವು ಮರೆತು ಇಪ್ಪತ್ತಾರು ಹೊಡೆದ. "ನಾನೂ, ನಾನೂ!" ಎಂದು ಮಲಪನಗುಡಿಯ ಮುದುಕಿ ಚೆನ್ನಬಸಮ್ಮ ಕೋಲು ಬಿಸಾಕಿ ನಿಂತಳು.

"ನಿನಗ ಎಷ್ಟು ವಯಸ್ಸಬೇ?" ಎಂದಳು ಹುಲುಗಮ್ಮ.

"ಎಪ್ಪತ್ತೆರಡು!"

ಇಪ್ಪತ್ತೊಂದು ಮಾಡಿದಳು ಮುದುಕಿ. ಜನ ಸಿಳ್ಳೆ ಹಾಕಿದರು. ವಯಸ್ಸಿನ ನೆಪವೂ ಹುಲುಗಮ್ಮನ ಕೈ ಬಿಟ್ಟಿತು.

"ಲೇ ಯಮನಿ, ನೀ ಮಾಡು."

"ನಾ ಒಲ್ಲೆನಕ್ಕಾ." ಯಮನಮ್ಮ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ಮಾಡ್ತಿಯೋ ಇಲ್ಲೋ?"

ಯಮನಮ್ಮ ಕೈ ಹೊರತೆಗೆದಳು. ಒಂದು... ಎರಡು... ನಿದ್ದೆಯಲ್ಲಿದ್ದವಳ ಹಾಗೆ ಮುಷ್ಟಿ ಬಿಗಿದಳು, ಬಿಚ್ಚಿದಳು. ಹತ್ತು ಸೆಕೆಂಡಾಯಿತು.

"ಒಂಬತ್ತು," ಎಂದ ಅಂಜಿನಯ್ಯ ಬೆರಗಾಗಿ.

ದಿನಕ್ಕೆ ಸಾವಿರಾರು ಸಸಿ ಊರುವ ಕೈ ಯಮನಮ್ಮನದು. ಅದರ ವೇಗ ಹುಲುಗಮ್ಮನಿಗೆ ಗೊತ್ತಿಲ್ಲವೇ? ಅಕ್ಕನ ಮರ್ಯಾದೆ ಕಾಯಲು ಈ ಹುಡುಗಿ ತನ್ನ ಕೈಯನ್ನೇ ಕುಂಟಾಗಿಸಿದ್ದಳು.

"ಸುಳ್ಳಿ! ಭಾಳ ಸುಳ್ಳಿ ನೀನು!" ಎಂದ ಹುಲುಗಮ್ಮ ಡಾಕ್ಟರ ಕಡೆ ತಿರುಗಿದಳು. "ನಾ ಅಕಿಗಿಂತ ದೊಡ್ಡ ಸುಳ್ಳಿ ಅದೀನ್ರಿ. ಈ ತಿಂಗಳು ಮೂರು ಸಲ ಬಿದ್ದೀನಿ. ನೆಲ ಹತ್ತಿ ಇದ್ದಂಗ ಮೆತ್ತಗ ಅನಿಸತೈತಿ. ಕುಬಸದ ಗುಂಡಿ ಈಕಿನಾ ಹಾಕ್ತಾಳ. ಬಿಸಿ ಚಾ ಕೈಮ್ಯಾಲ ಬಿದ್ರೂ ತಿಳಿಯಂಗಿಲ್ಲ."

ಡಾಕ್ಟರು ಪಟ್ಟಿಯ ಚೀಟಿಯನ್ನು ಹರಿದುಹಾಕಿದರು.

"ಅದನ್ನ ಮೊದಲ ಹೇಳಬೇಕಿಲ್ಲೇನವ್ವಾ! ಹಂಗಾದ್ರ ಪಟ್ಟಿ ಸಾಲಂಗಿಲ್ಲ. ಗುಳಿಗಿ ನೋವಿಗೆ ಆಗ್ತಾವ, ಅಮುಕಿದ್ದನ್ನ ಬಿಡಿಸಂಗಿಲ್ಲ."

"ನಮ್ಮೂರಾಗ ಒಬ್ಬಾಂವ ಕುತಿಗಿ ತಿರುವಿ ಲಟಕ್ ಅನಿಸ್ತಾನಲ್ರಿ?"

"ಅವನ ಕೈಗೆ ಕುತಿಗಿ ಕೊಟ್ಟಿ ಅಂದ್ರ ಕೈಕಾಲು ಪೂರಾ ಹೋದಾವು! ತೂಕ ಕಟ್ಟಿ ಜಗ್ಗಿಸೋದೂ ಬ್ಯಾಡ. ಆಪರೇಷನ್ ಆಗಬೇಕು. ಹಿಂದಿನಿಂದ ಮೂಳಿ ತಗದು ಹುರಿಗೆ ಜಾಗ ಮಾಡ್ತಾರ."

"ಹಿಂದಿನಿಂದಾ? ನಡೀತೈತ್ರಿ. ನಾಟಿಯವರ ಕೆಲಸೆಲ್ಲಾ ಹಿಂದಕ ಹಿಂದಕ ಸರಕೊಂತನ ಆಗೋದು!"

ನಗು ಮತ್ತೆ ಬಾಗಿಲಾಚೆಗೂ ಹರಡಿತು. ನಾಗೇಂದ್ರಪ್ಪ ನಗಲಿಲ್ಲ.

"ಸುಳ್ಳು ಭರೋಸ ಕೊಡಂಗಿಲ್ಲ ನಾನು. ಇನ್ನಷ್ಟು ಕೆಡೋದು ನಿಂದ್ರತೈತಿ. ಹೋದ ಬಲ ಒಂದಿಷ್ಟು ಬರಬಹುದು, ಎಲ್ಲಾ ಬರಲಿಕ್ಕಿಲ್ಲ. ಈ ವಯಸ್ಸಿಗೆ ಅಪಾಯನೂ ಐತಿ. ಹಂಗ ಬಿಟ್ರ ಮಾತ್ರ ಹಾಸಿಗಿ ಹಿಡೀತಿ."

ಹುಲುಗಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು. "ಇರೋ ಬಲ ಉಳದ್ರ ಉಣ್ಣಾಕಾರ ಕೈ ಇರತೈತಿ. ಯಾವಾಗ್ರಿ?"

ಡಾಕ್ಟರು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಫೋನು ತಿರುಗಿಸಿದರು. ಇವತ್ತೇ ಸೇರಿದರೆ ಹಾಸಿಗೆ ಇದೆಯಂತೆ. ಕಂಪ್ಲಿಯಲ್ಲಿರುವ ಮಗನಿಗೆ ಸುದ್ದಿ ಮುಟ್ಟಿಸುವ ಕೆಲಸ ಅಂಜಿನಯ್ಯನದಾಯಿತು.

ಬಸ್ ನಿಲ್ದಾಣದವರೆಗೂ ಇಬ್ಬರದೂ ಜಗಳ.

"ಈ ಸಲ ಗುಂಪಿಗೆ ನೀನ ಮುಂದಾಳು."

"ನೀ ಬರೋತನ ಅಷ್ಟ, ಅಕ್ಕಾ."

"ನಾ ಬಂದಮ್ಯಾಲೂ ನೀನ. ನಾ ಗದ್ದಿ ದಂಡಿಮ್ಯಾಲ ಕುಂತು ಬೈತೀನಿ. ಬಾಯಿಗೇನೂ ಆಗಿಲ್ಲಲ್ಲ ನನಗ!"

ಅಷ್ಟರಲ್ಲಿ ಬಳ್ಳಾರಿ ಬಸ್ಸು ಹೊರಟೇಬಿಟ್ಟಿತು. ಯಮನಮ್ಮ ಹಾರಿ ಹೋಗಿ ಬಸ್ಸಿನೆದುರು ಎರಡೂ ಕೈ ಚಾಚಿ ನಿಂತಳು. ಬ್ರೇಕು ಚೀರಿತು, ಡ್ರೈವರನೂ ಚೀರಿದ.

"ಜಲ್ದಿ ಬಾರಬೇ ಮುದುಕಿ!" ಎಂದು ಕಂಡಕ್ಟರ್ ಬಾಗಿಲಿಗೆ ಬಡಿದ.

ಹುಲುಗಮ್ಮ ಕಾಲು ಅಗಲಿಸಿ ಒಂದೊಂದೇ ಹೆಜ್ಜೆ ಇಡುತ್ತ ಬರುತ್ತಿದ್ದಳು. ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ ಕೂಗಿದಳು:

"ಜಲ್ದಿ ಬರಾಕ ಆಗಂಗಿಲ್ಲೋ ನನ್ನಪ್ಪಾ! ಅದಕ್ಕ ದವಾಖಾನಿಗೆ ಹೊಂಟೀನಿ. ಕೆಳಗ ಇಳದು ಬಂದು ಕೈ ಹಿಡಿ!"