ಬೀಗರ ಠರಾವು

ಮಲಕಾಜಪ್ಪ ಬುಟ್ಟಿ ಹೊತ್ತು ಬೀಗರ ಮನೆಗೆ ಬಂದು ಮೂರು ದಿನವಾಗಿತ್ತು. ತಂದ ಕರಿಗಡಬು ಮೊದಲ ದಿನವೇ ಓಣಿಗೆಲ್ಲ ಹಂಚಿಹೋಗಿ, ಖಾಲಿ ಬುಟ್ಟಿ ಪಡಸಾಲೆಯ ಮೂಲೆ ಸೇರಿತ್ತು. ಮಗಳು ಮೀನಾಳನ್ನು ಬಾಣಂತನಕ್ಕೆ ಕರೆದೊಯ್ಯಬೇಕು. ಸೋಮವಾರಕ್ಕೆ ಅವಳಿಗೆ ಏಳು ತಿಂಗಳು ತುಂಬುತ್ತದೆ. ಎಂಟರಲ್ಲಿ ಬಸುರಿಯನ್ನು ಊರು ದಾಟಿಸುವ ಪದ್ಧತಿಯಿಲ್ಲ. ಹೋದ ಸಲ ಬಸುರಾದಾಗ ಸುಗ್ಗಿಯ ನೆವ ಹೇಳಿ ಏಳನೇ ತಿಂಗಳು ದಾಟಿಸಿಬಿಟ್ಟಿದ್ದರು. ಎಂಟರಲ್ಲಿ ಇದೇ ಮನೆಯ ಬಾವಿಯಿಂದ ನೀರು ಹೊತ್ತು ಹೊತ್ತು ಕೂಸು ಹೋಗಿತ್ತು.

ಬೀಗ ನಿಜಗುಣಪ್ಪ ಗ್ರಾಮ ಪಂಚಾಯಿತಿಯ ಅಧ್ಯಕ್ಷ. ಎರಡು ಹರದಾರಿ ಆಚೆಯ ತನ್ನೂರಿನಿಂದ ಆರಿಸಿ ಬಂದ ಮಲಕಾಜಪ್ಪ ಅದೇ ಪಂಚಾಯಿತಿಯ ಮೆಂಬರು.

"ಕಳಸಾಕ ನಮ್ಮದೇನ್ ಅಡ್ಡಿ ಇಲ್ಲ ಬೀಗರ," ಎಂದ ನಿಜಗುಣಪ್ಪ, ಎಲೆಗೆ ಸುಣ್ಣ ಹಚ್ಚುತ್ತ. "ಶನಿವಾರ ಮೀಟಿಂಗ್ ಐತಿ. ಅದೊಂದ್ ಸುಸೂತ್ರ ಮುಗೀಲಿ."

ಬೈಲಹೊಂಗಲದ ದನದ ಸಂತೆಯಲ್ಲಿ ಮೂವತ್ತು ವರ್ಷ ದಲಾಲಿ ಮಾಡಿದವನು ಮಲಕಾಜಪ್ಪ. ಎತ್ತಿಗಿಂತ ಹಗ್ಗ ಹಿಡಿದವನ ಮೋರೆ ನೋಡಿ ವ್ಯಾಪಾರ ಕುದುರಿಸುವವನು. ಅವನಿಗೆ ಅರ್ಥವಾಯಿತು.

ಮೀಟಿಂಗ್ ಅಂಗನವಾಡಿ ಟೀಚರಳ ಆಯ್ಕೆಗೆ. ಊರಿನ ಅಂಗನವಾಡಿಯಲ್ಲಿ ಆರು ವರ್ಷದಿಂದ ಸಹಾಯಕಿಯಾಗಿದ್ದವಳು ವಿಧವೆ ಕೆಂಚವ್ವ. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು. ಹಳೆಯ ಟೀಚರ ವಾರಕ್ಕೊಮ್ಮೆ ಬರುತ್ತಿದ್ದಳು. ಮಕ್ಕಳ ಮೂಗು ಒರೆಸಿದವಳು, ಅಕ್ಷರ ತಿದ್ದಿಸಿದವಳು ಕೆಂಚವ್ವ. ಪಂಚಾಯಿತಿ ಒಮ್ಮತದಿಂದ ಬೇರೆ ಹೆಸರು ಕಳಿಸಿದರೆ ಅದೇ ಖಾಯಂ. ಒಬ್ಬ ಮೆಂಬರು ತಕರಾರು ಬರೆದರೂ ಸಾಕು, ಮೇಲಿನವರು ಮಾರ್ಕ್ಸ್ ನೋಡಿ ಆರಿಸುತ್ತಾರೆ.

ತಿಂಗಳ ಹಿಂದೆ ಮಲಕಾಜಪ್ಪ ಕೆಂಚವ್ವನ ಕಟ್ಟೆಯ ಮೇಲೆ ಚಹಾ ಕುಡಿದು, "ಯಾವನ ಅಡ್ಡ ಬರಲಿ ಯವ್ವಾ, ನಾ ತಕರಾರು ಬರದ ಕೊಡತೇನಿ," ಎಂದು ಮಾತು ಕೊಟ್ಟಿದ್ದ. ಅಡ್ಡ ಬರುವವರು ತನಗೇನಾಗಬೇಕು ಎಂದು ವಿಚಾರಿಸದೆ ಈ ಸೀಮೆಯಲ್ಲಿ ಯಾರಿಗೂ ಮಾತು ಕೊಡಬಾರದು. ಅದು ಅವನ ತಪ್ಪು. ಅಡ್ಡ ಬಂದ ಹೆಸರು ಮೀನಾಳದ್ದು.

ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದ ಮಗಳ ಪಕ್ಕ ಅವನು ಕುಕ್ಕುರುಗಾಲಲ್ಲಿ ಕುಳಿತ.

"ನಿನಗ ಬೇಕೇನ ಯವ್ವಾ ಆ ನೌಕರಿ?"

"ನನ್ನ ಯಾರ್ ಕೇಳ್ಯಾರ ಯಪ್ಪಾ? ಅರ್ಜಿ ಬರದಾವ್ರು ಮಾವಾರು. ಸಹಿ ಮಾಡಂದಾವ್ರು ಇವರು."

"ನಾಳೆ ಬಾಣಂತಿ ನೀನು. ಹುಡುಗರನ್ನ ನೋಡಾವ್ರು ಯಾರು?"

"ಕೆಂಚವ್ವ ಅದಾಳಲ್ಲ." ಹಿತ್ತಲಲ್ಲಿ ಒರಳು ಇದೆ ಎಂಬಷ್ಟು ಸಹಜವಾಗಿ ಹೇಳಿದಳು. "ಈಗೂ ಆಕೀನ ಮಾಡ್ತಾಳ, ಆಗೂ ಆಕೀನ ಮಾಡ್ತಾಳ. ನಾ ಪುಸ್ತಕಕ್ಕ ಸಹಿ ಮಾಡೂದಷ್ಟ."

ಇದು ತಾನು ಸಾಕಿದ ಮಗಳ ಬಾಯೇ ಎಂದು ಅವನು ನೋಡಿದ. ಅವಳು ಬೂದಿ ಮೆತ್ತಿದ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ದನಿ ತಗ್ಗಿಸಿದಳು. "ಏನಾರ ಮಾಡ್ ಯಪ್ಪಾ, ಸೋಮವಾರದೊಳಗ ಇಲ್ಲಿಂದ ಕರಕೊಂಡ ಹೋಗ್."

ಶನಿವಾರ ಪಂಚಾಯಿತಿ ಕಟ್ಟಡದಲ್ಲಿ ಕುಳಿತ ಹನ್ನೊಂದು ಮಂದಿಯನ್ನು ಮಲಕಾಜಪ್ಪ ಮೊದಲ ಸಲ ಸರಿಯಾಗಿ ನೋಡಿದ. ಭರಮಪ್ಪ ಅಧ್ಯಕ್ಷನ ತಂಗಿಯ ಗಂಡ. ಜಟ್ಟೆಪ್ಪನ ಮಗಳು ಅಧ್ಯಕ್ಷನ ಅಣ್ಣನ ಸೊಸೆ. ಉಳಿದವರೂ ಒಬ್ಬರ ಮನೆಯ ಹೆಣ್ಣು ಇನ್ನೊಬ್ಬರ ಮನೆಯಲ್ಲಿ ರೊಟ್ಟಿ ಬಡಿಯುವಂಥವರು. ಹೆಣ್ಣುಮಕ್ಕಳಿಗೆ ಮೀಸಲಾದ ನಾಲ್ಕು ಕುರ್ಚಿಗಳಲ್ಲಿ ಅವರ ಗಂಡಂದಿರು ಕುಳಿತಿದ್ದರು. ಸಹಿಯ ಪುಸ್ತಕ ಆಮೇಲೆ ಅಡುಗೆಮನೆಗಳಿಗೆ ಹೋಗುತ್ತದೆ. ಧಾರವಾಡದಿಂದ ಬಂದ ಸೆಕ್ರೆಟರಿ ಸಂಜೀವ ಮೊದಮೊದಲು ಕಾಯಿದೆ ಪುಸ್ತಕ ತೆರೆಯುತ್ತಿದ್ದ. ಈಗ ಅರ್ಜಿ ಹಿಡಿದು ಬಂದವರನ್ನು ಅವನೂ "ಯಾರ ಪೈಕಿ?" ಎಂದೇ ಕೇಳುತ್ತಿದ್ದ.

ಸಂಜೀವ ಹೆಸರು ಓದಿ, "ಯಾರದಾದ್ರೂ ತಕರಾರು ಅದ ಏನ್ರಿ?" ಎಂದ.

"ಯಾರದಿರತೈತ್ರಿ?" ಜಟ್ಟೆಪ್ಪ ತೊಡೆ ತಟ್ಟಿದ. "ತಂದಿ ಇಲ್ಲೇ ಕುಂತಾನ, ಮಾವ ಅಲ್ಲೇ ಕುಂತಾನ. ಇದೇನ್ ಮೀಟಿಂಗೋ, ನಿಶ್ಚಯವೋ? ಸಕ್ಕರಿ ತರಸ್ರೆಪಾ!"

ಎಲ್ಲರೂ ನಕ್ಕರು. ಸಿಪಾಯಿ ನಿಜವಾಗಿಯೂ ಪೇಢೆಯ ಪೊಟ್ಟಣ ತಂದ, ಮೊದಲೇ ಹೇಳಿಟ್ಟಿದ್ದರು. ನಿಜಗುಣಪ್ಪ ತನ್ನ ಪೆನ್ನು ತೆಗೆದು ಬೀಗನ ಕೈಗಿಟ್ಟ.

"ಜೀಪಿಗೆ ಹೇಳೇನಿ ಬೀಗರ. ಸಂಜಿಕಿ ಮೀನಾನ್ನ ಕರಕೊಂಡ ಹೊಂಡ್ರಿ."

ತಕರಾರಿನ ಚೀಟಿ ಅಂಗಿಯ ಕಿಸೆಯಲ್ಲಿತ್ತು. ರಾತ್ರಿ ನಾಲ್ಕು ಸಲ ಹರಿದು ನಾಲ್ಕು ಸಲ ಬರೆದದ್ದು. ಮಲಕಾಜಪ್ಪ ಅದನ್ನು ತೆಗೆಯಲಿಲ್ಲ, ಸಹಿ ಮಾಡಿದ. ಜಟ್ಟೆಪ್ಪ ಬಾಯಿಗೆ ತುರುಕಿದ ಪೇಢೆ ನಾಲಿಗೆಗೆ ಜಿಗುಟಾಗಿ ಅಂಟಿತು. ಹೊರಗೆ ಬಂದು ಉಗಿದ. ಮೂರು ಸಲ ಬಾಯಿ ಮುಕ್ಕಳಿಸಿದರೂ ಆ ಸಿಹಿ ಹೋಗಲಿಲ್ಲ.

ಸಂಜೆ ಜೀಪು ಅಂಗನವಾಡಿಯ ಮುಂದೆ ಬಂದಾಗ ಕೆಂಚವ್ವ ಯಾರದೋ ಕೂಸನ್ನು ಟೊಂಕದ ಮೇಲಿಟ್ಟುಕೊಂಡು ಕೈ ಅಡ್ಡ ಹಿಡಿದಳು. ಸುದ್ದಿ ಮುಟ್ಟಿತ್ತು. ಬೈಯಲಿ, ಮೋರೆಗೆ ಮಣ್ಣು ತೂರಲಿ ಎಂದುಕೊಂಡು ಮಲಕಾಜಪ್ಪ ಕೆಳಗಿಳಿದ. ಅವಳು ಮೊದಲು ಮೀನಾಳ ಗಲ್ಲ ಸವರಿ, "ಕುಲುಕಾಡದಂಗ ಹೋಗ್ ನಮ್ಮವ್ವ," ಎಂದಳು.

"ಕೆಂಚವ್ವ, ನಾ ಕೊಟ್ಟ ಮಾತು..."

"ಬಿಡ್ರಿ ಕಾಕಾರ. ಹೆತ್ತ ಮಗಳ್ನ ಬಿಟ್ಟು ನನ್ನ ಕಡೆ ಬಂದಿದ್ರ, ನಿಮಗ ಹುಚ್ಚ ಹಿಡದೈತಿ ಅಂತಿದ್ದೆ." ಆಮೇಲೆ ಹತ್ತಿರ ಸರಿದಳು. "ನನ್ನ ಮಗಳು ಎಂಟನೇ ಕ್ಲಾಸಿನ್ಯಾಗ ಅದಾಳ. ಸಾಲಿ ಬಿಡಸಬೇಕಂತ ಮಾಡೇನಿ. ನೇಸರಗಿ, ಕಿತ್ತೂರು ಅಂತ ನಾಕ ಊರ ತಿರಗಾವ್ರು ನೀವು. ಅಧ್ಯಕ್ಷರ ಬಳಗದಾಗ ಒಂದು ವರ ಇದ್ರ ನೋಡ್ರಿ. ಹುಡುಗ ಹ್ಯಾಂಗಿದ್ರೂ ನಡೀತೈತಿ. ನಮಗೂ ಒಂದು ಕಡೆ ಬೀಗರು ಬೇಕಲ್ರಿ."

"ಓದಲಿ ಬಿಡ ಯವ್ವಾ ಆಕಿ."

"ಓದಿ? ನಾ ಓದೇನಲ್ರಿ ಕಾಕಾರ."

ಅವನು ಮರಳಿ ಜೀಪು ಹತ್ತಿದ. ಜೀಪು ಊರು ದಾಟಿ ಜೋಳದ ಹೊಲಗಳ ನಡುವಿನ ದಾರಿ ಹಿಡಿದ ಮೇಲೆ ಮೀನಾ ಯೋಚಿಸುತ್ತ ಅಂದಳು. "ಯಪ್ಪಾ, ಕೆಂಚವ್ವನ ಮಗಳಿಗಾದ್ರ ಭರಮಪ್ಪ ಮಾವಾರ ತಮ್ಮನ ಮಗ ಒಬ್ಬ ಅದಾನ. ಒಂದಿಷ್ಟು ಕುಡೀತಾನ, ಖರೆ, ಆದ್ರ..."

"ಬಾಯಿ ಮುಚ್ಚ!" ಎಂದು ಚೀರಿದ ಮಲಕಾಜಪ್ಪ. ಡ್ರೈವರ ಬೆಚ್ಚಿ ತಿರುಗಿ ನೋಡಿದ. ಮೀನಾಳಿಗೆ ತಾನೇನು ತಪ್ಪು ಹೇಳಿದೆನೆಂದು ತಿಳಿಯಲಿಲ್ಲ.